ನಾಲ್ಕು ಗ್ರಾಂ ಕಡಿಮೆ

ಫೆಬ್ರವರಿ 9, ಭಾನುವಾರ

ನಿವೃತ್ತನಾಗಿ ಇಂದಿಗೆ ಐದು ತಿಂಗಳು ಒಂಬತ್ತು ದಿನ. ಮೂವತ್ತನಾಲ್ಕು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನಿಗೆ ಈಗ ಅಳೆಯಲು ಉಳಿದಿರುವುದು ಹಗಲು ಮಾತ್ರ. ಅದು ಎಷ್ಟು ಅಳೆದರೂ ಮುಗಿಯುವುದಿಲ್ಲ. ಒಂದು ಕಾಲಕ್ಕೆ ನಾನು ಮಾರುಕಟ್ಟೆಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯ ಅಂಗಡಿಯವರು ತಕ್ಕಡಿ ಒರೆಸಲು ಶುರುಮಾಡುತ್ತಿದ್ದರು. ಬೆನ್ನ ಹಿಂದೆ ನನ್ನನ್ನು ‘ಗ್ರಾಂ ಸಾಹೇಬ’ ಎನ್ನುತ್ತಿದ್ದರಂತೆ. ಈಗ ನಮ್ಮ ಬೀದಿಯ ತರಕಾರಿಯವನು ನನ್ನ ಕಣ್ಣೆದುರೇ ತಕ್ಕಡಿಯ ಮೇಲೆ ಚೀಲ ಇಟ್ಟುಕೊಂಡು ತೂಗುತ್ತಾನೆ. ನೋಡಿಯೂ ದುಡ್ಡು ಕೊಟ್ಟು ಬರುತ್ತೇನೆ.

ಮನೆಯಲ್ಲಿ ಪುರುಸೊತ್ತಿಲ್ಲದವಳು ನನ್ನ ಹೆಂಡತಿ, ಇವಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯಾಗಿದ್ದು, ಒದ್ದೆ ಚಾದರಗಳ ಮೂಟೆ ಎತ್ತಿ ಎತ್ತಿ ತೋಳು ಗಟ್ಟಿಮಾಡಿಕೊಂಡವಳು. ಶಾಲೆಯಲ್ಲಿ ಶಾಟ್‌ಪುಟ್ ಗುಂಡು ಎಸೆಯುತ್ತಿದ್ದಳಂತೆ. ನಲವತ್ತು ವರ್ಷ ಅದರ ಸುದ್ದಿಯಿರಲಿಲ್ಲ. ಕೆಲಸ ಬಿಡುವ ವರ್ಷ ಮತ್ತೆ ತಲೆಗೆ ಹತ್ತಿತು. ಬೇರೆಯವರಿಗೆ ಬೀಳ್ಕೊಡುಗೆಯಲ್ಲಿ ಗೋಡೆ ಗಡಿಯಾರ ಕೊಡುತ್ತಾರೆ; ಲಾಂಡ್ರಿಯ ಹೆಂಗಸರು ಸೇರಿ ಇವಳಿಗೆ ಮೂರು ಕೆಜಿಯ ಹಿತ್ತಾಳೆ ಗುಂಡು ಕೊಟ್ಟರು. ಅದೇ ಇವಳ ಪ್ರಾಣ.

ಇವತ್ತು ಪತ್ರ ಬಂದಿದೆ. ಅರವತ್ತು ದಾಟಿದವರ ಅಥ್ಲೆಟಿಕ್ಸ್ ಕೂಟಕ್ಕೆ ಇವಳು ಆಯ್ಕೆಯಾಗಿದ್ದಾಳೆ. ಮಾರ್ಚ್ 15, ವಿಮಾನದಲ್ಲಿ ಮೂರು ಗಂಟೆ ದೂರದ ಊರು. ಇವಳ ಅತಿ ದೂರದ ಎಸೆತ 9.84 ಮೀಟರ್. ಹತ್ತು ದಾಟಬೇಕು ಎನ್ನುವುದೊಂದೇ ಆಸೆ. ಪದಕ ಗಿದಕ ಬೇಡವಂತೆ. ಭುಜದ ಡಾಕ್ಟರು ಮೊನ್ನೆ ಖಡಾಖಂಡಿತವಾಗಿ ಹೇಳಿದ್ದಾರೆ, ‘ಇದೊಂದು ಕೂಟ ಮುಗಿಸಿ, ಆಮೇಲೆ ಗುಂಡು ಶೋಕೇಸಿಗೆ.’ ಅಂದರೆ ಹತ್ತು ದಾಟಿದರೆ ಈ ಸಲ, ಇಲ್ಲದಿದ್ದರೆ ಇಲ್ಲ.

ವಿಮಾನ, ಸಾಮಾನು, ನಿಯಮ ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂದೆ. ಇವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಸರಿ, ನೀವೂ ಯಾವುದಾದ್ರೂ ಒಂದು ಕೆಲಸದಲ್ಲಿರಿ’ ಅಂದಳು. ಮಾತಿನ ಧಾಟಿ ಇಷ್ಟವಾಗಲಿಲ್ಲ, ಕೆಲಸ ಇಷ್ಟವಾಯಿತು.

ಸಂಜೆ ಎಂದಿನಂತೆ ಗುಂಡಿಗೆ ಪಾಲಿಶ್ ಹಾಕಿದೆ. ಬೆಳಗಿನ ಅಭ್ಯಾಸದಲ್ಲಿ ಮಣ್ಣು, ಕಲ್ಲು ತಾಗಿ ಅದರ ಮುಖವೇ ಕೆಟ್ಟಿರುತ್ತದೆ. ನಾನು ಉಜ್ಜಿಟ್ಟ ಮೇಲೆ ಅದರಲ್ಲಿ ನನ್ನ ಕನ್ನಡಕ ಕಾಣುತ್ತದೆ.

ಫೆಬ್ರವರಿ 17, ಸೋಮವಾರ

ವಿಮಾನ ಕಂಪನಿಯ ಸಹಾಯವಾಣಿಗೆ ಇದು ನಾಲ್ಕನೇ ಕರೆ. ಇವತ್ತಿನ ಹುಡುಗಿ ಪಾಪ, ತಾಳ್ಮೆಯವಳು.

‘ಸಾರ್, ಗಾಲ್ಫ್ ಇದೆ, ಸೈಕಲ್ ಇದೆ, ಮೀನು ಹಿಡಿಯೋ ಕೋಲಿದೆ. ಗುಂಡು ನಮ್ಮ ಪಟ್ಟಿಯಲ್ಲೇ ಇಲ್ಲ.’

‘ಪಟ್ಟಿಯಲ್ಲಿಲ್ಲ ಅಂದ್ರೆ ಬಿಡ್ತೀರಾ, ಬಿಡಲ್ವಾ?’

‘ಅದೂ ಪಟ್ಟಿಯಲ್ಲಿಲ್ಲ ಸಾರ್.’

ಕೊನೆಗೆ ಮೇಲಿನವರನ್ನು ಕೇಳಿ ಹೇಳಿದಳು. ಹೊಡೆಯಲು ಬಳಸಬಹುದಾದ ಭಾರದ ವಸ್ತು ಕೈಚೀಲದಲ್ಲಿ ಬೇಡ, ಕೆಳಗೆ ಹೋಗುವ ಬ್ಯಾಗಿನಲ್ಲಿ ಸರಿ. ತಲೆಗೆ ಹದಿನೈದು ಕೆಜಿ. ಬರವಣಿಗೆಯಲ್ಲಿ ಕೊಡಿ ಎಂದೆ. ಕೊಟ್ಟರು. ಭದ್ರತಾ ನಿಯಮಗಳನ್ನೂ ಪ್ರಿಂಟ್ ತೆಗೆಸಿ ಫೈಲ್ ಮಾಡಿದೆ. ಇಪ್ಪತ್ತೆರಡು ಪುಟ. ಮುಖ್ಯವಾದ ಸಾಲುಗಳಿಗೆ ಕೆಂಪು ಗೆರೆ ಎಳೆದಿದ್ದೇನೆ. ಆರು ತಿಂಗಳಲ್ಲಿ ಇಷ್ಟು ಹಸಿವಾಗಿ ಊಟ ಮಾಡಿದ್ದು ಇವತ್ತೇ.

ನಾದಿನಿಯೂ ಹೊರಡುತ್ತಾಳಂತೆ. ಅಕ್ಕನ ಭುಜ ತಿಕ್ಕಲು, ಚಪ್ಪಾಳೆ ತಟ್ಟಲು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಕೆಲಸ ಅವಳದು. ದಿನವಿಡೀ ಬಾಯಿ ತೆರೆಯಲಾಗದವರ ಜೊತೆ ಇರುವುದರಿಂದಲೋ ಏನೋ, ನಮ್ಮ ಮನೆಗೆ ಬಂದರೆ ಅವಳ ಬಾಯಿಗೆ ಬಿಡುವಿಲ್ಲ. ಫೈಲ್ ನೋಡಿ, ‘ಭಾವ, ಇದನ್ನ ತೂಕ ಹಾಕಿದ್ರಾ? ಗುಂಡಿಗಿಂತ ಇದೇ ಜಾಸ್ತಿ ಇರೋ ಹಾಗಿದೆ’ ಅಂದಳು. ನಾನು ನಗಲಿಲ್ಲ. ಅವಳು ಹೋದ ಮೇಲೆ ಹಾಕಿ ನೋಡಿದೆ. ನೂರಹತ್ತು ಗ್ರಾಂ.

ಫೆಬ್ರವರಿ 26, ಬುಧವಾರ

ಅಭ್ಯಾಸದಲ್ಲಿ 9.71. ಇವಳು ಬೂಟಿನ ಮಣ್ಣು ಕೊಡವಿ ಒಳಗೆ ಹೋದಳು. ಪಾಲಿಶ್.

ಮಾರ್ಚ್ 4, ಮಂಗಳವಾರ

ಜಗಳ. ಗುಂಡು ತನ್ನ ಮಡಿಲಲ್ಲೇ ಇರಬೇಕಂತೆ. ‘ಬ್ಯಾಗ್ ಕಳೆದುಹೋದ್ರೆ ಏನ್ರೀ ಗತಿ? ನಾನೊಂದೂರಲ್ಲಿ, ನನ್ನ ಗುಂಡೊಂದೂರಲ್ಲಿ.’

‘ನಿಯಮ ಏಳು, ಉಪನಿಯಮ ಎರಡು’ ಎಂದು ಶುರುಮಾಡಿದೆ.

‘ನಿಮ್ಮ ಉಪನಿಯಮಾನ ನೀವೇ ಎಸೀರಿ’ ಎಂದು ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಇವಳು ಸ್ಟೂಲಿನ ಮೇಲೆ ಕೂತು ಬಿಸಿನೀರಿನ ಚೀಲವನ್ನು ಭುಜಕ್ಕೆ ಒತ್ತಿಕೊಂಡಿದ್ದಳು. ಒಂದೇ ಕೈಯಲ್ಲಿ ಚೀಲ ನಿಲ್ಲುತ್ತಿರಲಿಲ್ಲ. ನಾನು ಹಿಡಿದುಕೊಂಡೆ. ಹದಿನೈದು ನಿಮಿಷ ಹಾಗೇ ಹಿಡಿದು ನಿಂತಿದ್ದೆ. ಗುಂಡು ಬ್ಯಾಗಿನಲ್ಲೇ ಹೋಗಲಿ, ಆದರೆ ನನ್ನ ಉಣ್ಣೆಯ ಸ್ವೆಟರಿನಲ್ಲಿ ಸುತ್ತಿ ಎಂದು ತೀರ್ಮಾನವಾಯಿತು. ಸ್ವೆಟರು ಹಾಳಾದರೆ ಆಗಲಿ.

ಮಾರ್ಚ್ 9, ಭಾನುವಾರ

ಗುಂಡಿನ ಒಂದು ಕಡೆ ಹೊಸ ಏಟು ಬಿದ್ದಿದೆ, ಅಂಚು ಎದ್ದಿದೆ. ಅಂಗೈಗೆ ತರಚಿದರೆ ಕಷ್ಟ. ಸಣ್ಣ ಅರದಿಂದ ತಿಕ್ಕಿ, ಉಪ್ಪುಕಾಗದ ಹಾಕಿ, ಆಮೇಲೆ ಪಾಲಿಶ್ ಕೊಟ್ಟೆ. ಏಟು ಎಲ್ಲಿತ್ತು ಎಂದು ಈಗ ನನಗೇ ಹೇಳಲಾಗದು. ಇವಳು ಕೈಯಲ್ಲಿ ತಿರುಗಿಸಿ ನೋಡಿ, ‘ಮಗುವಿನ ಕೆನ್ನೆ ಇದ್ದ ಹಾಗಿದೆ’ ಅಂದಳು. ಬಹಳ ದಿನಗಳ ಮೇಲೆ ನನ್ನ ಕೆಲಸಕ್ಕೆ ಸಿಕ್ಕ ಹೊಗಳಿಕೆ. ಬರೆದಿಟ್ಟುಕೊಳ್ಳುತ್ತಿದ್ದೇನೆ.

ಮಾರ್ಚ್ 12, ಬುಧವಾರ

ಬ್ಯಾಗ್ ಮೂರು ಸಲ ತೂಗಿದೆ. 15.3. ನನ್ನ ಎರಡು ಅಂಗಿ ತೆಗೆದೆ. 14.9. ಆಯಿತು. ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ವಿಮಾನ. ಇವಳು ಇಷ್ಟು ಹೊತ್ತಿಗೇ ಬೂಟು ಹಾಕಿಕೊಂಡು ಕೂತಿದ್ದಾಳೆ. ಯಾಕೆಂದು ಕೇಳಿದರೆ, ಕಾಲಿಗೆ ಅಭ್ಯಾಸವಾಗಲಿ ಅಂತೆ.

ಮಾರ್ಚ್ 13, ಗುರುವಾರ

ಮೂವರೂ ಬಂದು ತಲುಪಿದೆವು, ಗುಂಡೂ ತಲುಪಿದೆ. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಕೌಂಟರಿನಲ್ಲಿ ಬ್ಯಾಗ್ ಕೊಟ್ಟು ಹಗುರಾಗಿ ಕೂತು ಟೀ ಕುಡಿಯುತ್ತಿದ್ದೆವು. ಮೈಕಿನಲ್ಲಿ ನಮ್ಮ ಹೆಸರು ಕೂಗಿದರು. ಇವಳ ಕೈಯ ಲೋಟ ಅಲ್ಲೇ ನಿಂತಿತು. ನಾದಿನಿಯನ್ನು ಗೇಟಿಗೆ ಕಳಿಸಿ, ನಾನು ಫೈಲ್ ಕಂಕುಳಲ್ಲಿ ಇಟ್ಟುಕೊಂಡು ಎದ್ದೆ. ಸುಳ್ಳು ಯಾಕೆ, ಒಳಗೊಳಗೆ ಸಂತೋಷವೇ ಆಯಿತು. ಇಪ್ಪತ್ತೆರಡು ಪುಟ ವ್ಯರ್ಥವಾಗಲಿಲ್ಲವಲ್ಲ!

ಬ್ಯಾಗ್ ತಪಾಸಣೆಯ ಕೋಣೆ ಕೆಳಗಿದೆ. ಕಿಟಕಿಯಿಲ್ಲ, ಉದ್ದನೆಯ ಸ್ಟೀಲ್ ಮೇಜು, ಮೇಲೆ ನಮ್ಮ ಬ್ಯಾಗು. ಮೂವತ್ತರ ಆಸುಪಾಸಿನ ಭದ್ರತಾ ಅಧಿಕಾರಿಣಿ ಕೈಗೆ ನೀಲಿ ಗ್ಲೌಸ್ ಹಾಕಿ ನಿಂತಿದ್ದಳು.

‘ಇದರಲ್ಲಿ ಏನಿದೆ ಸಾರ್? ಮೆಷಿನ್ನಲ್ಲಿ ಬರೀ ಕಪ್ಪಗೆ ಒಂದು ಚಕ್ರ ಕಾಣ್ತಿದೆ.’

‘ಮೇಲೆ ಹಿತ್ತಾಳೆ, ಒಳಗೆ ಸೀಸ. ಎಕ್ಸ್‌ರೇ ಸೀಸದೊಳಗೆ ಹೋಗಲ್ಲಮ್ಮ’ ಎಂದು ವಿವರಿಸಿದೆ.

‘ಅದೇ ಕೇಳ್ತಿರೋದು. ಸೀಸದೊಳಗೆ ಏನಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?’

ಇದಕ್ಕೆ ಫೈಲಿನಲ್ಲಿ ಉತ್ತರವಿರಲಿಲ್ಲ. ಮೂವತ್ತನಾಲ್ಕು ವರ್ಷ ಅಂಗಡಿಯವರನ್ನು ನಾನು ಕೇಳುತ್ತಿದ್ದಂಥದ್ದೇ ಪ್ರಶ್ನೆ. ಅಧಿಕಾರಿಣಿ ಸ್ವೆಟರು ಬಿಚ್ಚಿದಳು. ಗುಂಡು ಟ್ಯೂಬ್‌ಲೈಟಿನ ಬೆಳಕಿಗೆ ಥಳಥಳ ಎಂದಿತು. ಅವಳು ಎರಡು ಕೈಯಲ್ಲೂ ಎತ್ತಿ, ‘ಅಬ್ಬಾ! ಇದನ್ನ ಯಾರು ಎಸೆಯೋದು, ನೀವಾ?’ ಎಂದು ನನ್ನನ್ನು ಕೇಳಿದಳು.

‘ಅವರಿಗೆ ಬ್ಯಾಗ್ ಎತ್ತೋಕೇ ಆಗಲ್ಲ’ ಎಂದು ಇವಳು ಮುಂದೆ ಬಂದು, ಅದೇ ಜಾಗದಲ್ಲಿ, ಎರಡು ಮೇಜುಗಳ ನಡುವೆ, ಮಂಡಿ ಬಗ್ಗಿಸಿ ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡು ನಿಂತಳು. ಪಕ್ಕದ ಮೇಜಿನಲ್ಲಿ ಯಾರದೋ ಗಿಟಾರ್ ಬಿಚ್ಚುತ್ತಿದ್ದ ಸಿಬ್ಬಂದಿ ಎರಡು ಹೆಜ್ಜೆ ಹಿಂದೆ ಸರಿದ. ಇವಳು ನಕ್ಕು, ‘ಹೆದರ್ಬೇಡಿ, ಎಸೆಯಲ್ಲ’ ಅಂದಳು.

ಗುಂಡಿಗೆ ಬಟ್ಟೆಯ ಪಟ್ಟಿ ಒರೆಸಿ, ಆ ಪಟ್ಟಿಯನ್ನು ಸ್ಫೋಟಕ ಪತ್ತೆಹಚ್ಚುವ ಯಂತ್ರಕ್ಕೆ ಹಾಕಿದರು. ಆಮೇಲೆ ಗುಂಡನ್ನೇ ಒಳಗಿನ ಕೋಣೆಗೆ ಒಯ್ದರು. ಹತ್ತು ನಿಮಿಷ. ಇವಳು ಬಾಗಿಲನ್ನೇ ನೋಡುತ್ತಾ ನಿಂತಿದ್ದಳು, ಆಪರೇಷನ್ ಆಗುತ್ತಿರುವವರ ಮನೆಯವರ ಹಾಗೆ. ಅಧಿಕಾರಿಣಿ ಗುಂಡು ತಂದುಕೊಟ್ಟು, ‘ಇದು ಸರಿ ಇದೆ. ಆದರೆ ಇದು ಬಿಡಲ್ಲ’ ಎಂದು ಬ್ಯಾಗಿನಿಂದ ನನ್ನ ಪಾಲಿಶ್ ಡಬ್ಬಿ ಎತ್ತಿ ತೋರಿಸಿದಳು. ‘ಬೇಗ ಬೆಂಕಿ ಹತ್ತೋ ದ್ರವ. ನಿಮ್ಮ ಫೈಲಲ್ಲಿ ಇಲ್ವಾ ಸಾರ್?’

ಇತ್ತು. ಹನ್ನೊಂದನೇ ಪುಟ. ನಾನೇ ಕೆಂಪು ಗೆರೆ ಎಳೆದಿದ್ದೆ.

ಗೇಟು ಮುಚ್ಚಲು ಹನ್ನೆರಡು ನಿಮಿಷ ಉಳಿದಿತ್ತು. ಆ ಹೆಣ್ಣುಮಗಳು, ‘ನೀವು ಓಡಿ, ಬ್ಯಾಗ್ ನಾನು ಹತ್ತಿಸ್ತೀನಿ’ ಎಂದು ತಾನೇ ಹೊತ್ತುಕೊಂಡು ಓಡಿದಳು. ನಾವೂ ಓಡಿದೆವು. ಇವಳು ನನಗಿಂತ ಮೊದಲೇ ಗೇಟು ತಲುಪಿ, ಬಾಗಿಲಲ್ಲಿ ಕಾಲಿಟ್ಟುಕೊಂಡು, ‘ನಮ್ಮ ಮನೆಯವರು ಬರ್ತಿದ್ದಾರೆ, ಸ್ವಲ್ಪ ನಿಧಾನ’ ಎಂದು ಎಲ್ಲರನ್ನೂ ತಡೆದು ನಿಲ್ಲಿಸಿದ್ದಳು.

ಮಾರ್ಚ್ 14, ಶುಕ್ರವಾರ

ಬೆಳಿಗ್ಗೆ ಸಾಧನಗಳ ತಪಾಸಣೆ. ಸ್ಪರ್ಧಿಗಳು ತಮ್ಮ ಗುಂಡನ್ನು ಹಿಂದಿನ ದಿನವೇ ತೂಗಿಸಬೇಕು. ಪಾಸಾದರೆ ಅದು ಎಲ್ಲರ ಗುಂಡುಗಳ ಜೊತೆ ಮೈದಾನಕ್ಕೆ ಹೋಗುತ್ತದೆ, ಯಾರು ಬೇಕಾದರೂ ಅದನ್ನು ಎಸೆಯಬಹುದು. ಗ್ಯಾಲರಿಯ ಕೆಳಗೆ ಒಂದು ಕೋಣೆ, ಮೇಜಿನ ಮೇಲೆ ಡಿಜಿಟಲ್ ತಕ್ಕಡಿ. ತೂಕದ ಗುಮಾಸ್ತ ಇವಳ ಗುಂಡನ್ನು ಇಟ್ಟ.

2.996.

‘ನಾಲ್ಕು ಗ್ರಾಂ ಕಮ್ಮಿ ಇದೆ ಮೇಡಂ. ಆಗಲ್ಲ.’

ನಾನು ಮುಂದೆ ಬಂದೆ. ತಕ್ಕಡಿಯ ಪ್ರಮಾಣಪತ್ರ ಕೇಳಿದೆ. ತೋರಿಸಿದ. ಮಟ್ಟಸವಾಗಿ ನಿಂತಿದೆಯೇ ನೋಡಿದೆ. ನಿಂತಿತ್ತು. ಸೊನ್ನೆಗೆ ತಂದು ಮತ್ತೆ ಇಡಿಸಿದೆ. ಪರೀಕ್ಷೆಯ ತೂಕಗಳನ್ನು ಇಡಿಸಿದೆ. ಒಂದು ಗ್ರಾಂ ಆಚೀಚೆ ಇಲ್ಲ. ಜೀವಮಾನದಲ್ಲಿ ಮೊದಲ ಸಲ ತಕ್ಕಡಿ ಸುಳ್ಳಾಗಿರಲಿ ಎಂದು ಬಯಸಿದೆ. ಅವನು ಗುಂಡಿಗೆ ಕೆಂಪು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಕೂಟ ಮುಗಿದ ಮೇಲೆ ವಾಪಸ್ಸು.

ಇವಳು ಅಳುವವಳಲ್ಲ. ಮೆಟ್ಟಿಲ ಮೇಲೆ ಕೂತು ಅಂಗೈ ನೋಡಿಕೊಳ್ಳುತ್ತಿದ್ದಳು. ಆಮೇಲೆ ತಟ್ಟನೆ ತಲೆಯೆತ್ತಿ, ‘ಏರ್‌ಪೋರ್ಟಲ್ಲಿ ಹತ್ತು ನಿಮಿಷ ಒಳಗೆ ಇಟ್ಕೊಂಡ್ರಲ್ಲ, ಅಲ್ಲೇ ಕೆರೆದಿದ್ದಾರೆ! ಒಳಗೆ ಏನಿದೆ ಅಂತ ನೋಡೋಕೆ ಕೆರೆದಿದ್ದಾರೆ’ ಅಂದಳು.

‘ಹೌದಕ್ಕ! ಅದೇ ಇರ್ಬೇಕು’ ಎಂದು ನಾದಿನಿಯೂ ದನಿಗೂಡಿಸಿದಳು. ‘ಭಾವ, ನಿಮ್ಮ ಆಫೀಸಿನ ಭಾಷೇಲಿ ಒಂದು ಕಂಪ್ಲೇಂಟ್ ಬರೀರಿ. ಆ ಗ್ಲೌಸಿನವಳ ಕೆಲಸ ಹೋಗ್ಬೇಕು, ಹಾಗೆ ಬರೀರಿ.’

ಬರೆಯುತ್ತೇನೆ ಎಂದು ರೂಮಿಗೆ ಬಂದು ಕೂತೆ. ‘ಮಾನ್ಯರೇ’ ಎಂದು ಬರೆದೆ. ಮುಂದೆ ಪೆನ್ನು ಓಡಲಿಲ್ಲ. ಬಟ್ಟೆಪಟ್ಟಿ ಒರೆಸಿದರೆ ಹಿತ್ತಾಳೆ ಹೋಗುವುದಿಲ್ಲ ಎಂದು ನನಗೆ ಗೊತ್ತು. ಕೆರೆದಿದ್ದರೆ ಗೆರೆ ಕಾಣಬೇಕಿತ್ತು. ಗೆರೆ ಇರಲಿಲ್ಲ. ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು.

ಈ ದಿನಚರಿಯ ಹಿಂದಿನ ಪುಟಗಳನ್ನು ತಿರುವಿದೆ. ಸೆಪ್ಟೆಂಬರ್ 3, ನಿವೃತ್ತಿಯ ಮೂರನೇ ದಿನ, ಮಾಡಲು ಕೆಲಸವಿಲ್ಲದೆ ಗುಂಡನ್ನು ತೂಗಿದ್ದೇನೆ. 3.005. ಅದರ ಕೆಳಗೆ: ‘ಇನ್ನು ಮೇಲೆ ಇದರ ಪಾಲಿಶ್ ನನ್ನ ಜವಾಬ್ದಾರಿ.’ ಅಲ್ಲಿಂದ ಇಲ್ಲಿಗೆ ಆರು ತಿಂಗಳು. ದಿನಕ್ಕೊಂದು ಪಾಲಿಶ್, ವಾರಕ್ಕೊಮ್ಮೆ ಉಪ್ಪುಕಾಗದ, ಏಟು ಬಿದ್ದಾಗಲೆಲ್ಲ ಅರ. ಒಂಬತ್ತು ಗ್ರಾಂ ಹಿತ್ತಾಳೆಯನ್ನು ನಾನು ನನ್ನ ಕೈಯಾರೆ ಹಳೆ ಬನಿಯನ್ನಿನ ಚಿಂದಿಗೆ ಒರೆಸಿ ಬಿಸಾಕಿದ್ದೇನೆ. ಬ್ಯಾಗನ್ನು ಮೂರು ಸಲ ತೂಗಿದೆ, ಫೈಲನ್ನೂ ತೂಗಿದೆ. ಗುಂಡೊಂದನ್ನು ಮತ್ತೆ ತೂಗಲಿಲ್ಲ!

ಒಬ್ಬ ದಿನಸಿ ಅಂಗಡಿಯವನು ನೆನಪಾದ. ಮುದುಕ. ಅವನ ಒಂದು ಕೆಜಿ ಕಲ್ಲು ಹನ್ನೆರಡು ಗ್ರಾಂ ಸವೆದಿತ್ತು. ‘ದಿನಾ ಬೆಳಿಗ್ಗೆ ತೊಳೆದು ಉಜ್ಜಿಡ್ತೀನಿ ಸಾರ್, ಲಕ್ಷಣವಾಗಿರ್ಲಿ ಅಂತ’ ಎಂದ. ಕಥೆ ಕಟ್ಟಬೇಡ ಎಂದು ಗದರಿಸಿ ಕಲ್ಲು ಜಪ್ತಿ ಮಾಡಿದ್ದೆ. ಅವನು ನಿಜ ಹೇಳುತ್ತಿದ್ದ ಎಂದು ಇವತ್ತು ಅನಿಸುತ್ತಿದೆ.

ಇವಳು ಬಾಗಿಲಲ್ಲಿ ಇಣುಕಿ, ‘ಬರೆದಾಯ್ತಾ?’ ಅಂದಳು. ‘ಆಗ್ತಾ ಇದೆ’ ಅಂದೆ. ನಾಳೆ ಸ್ಪರ್ಧೆ ಮುಗಿದ ಮೇಲೆ ಹೇಳಿದರೆ ಸಾಕಲ್ಲವೇ? ಈಗ ಹೇಳಿ ಇವಳ ಮನಸ್ಸು ಕೆಡಿಸುವುದೇಕೆ? ಆದರೆ ದೂರನ್ನು ಬೆಳಿಗ್ಗೆ ಹತ್ತಕ್ಕೇ ಕೂಟದ ವ್ಯವಸ್ಥಾಪಕರ ಕೈಗೆ ಕೊಡಬೇಕಂತೆ, ಅವರೇ ವಿಮಾನ ನಿಲ್ದಾಣಕ್ಕೆ ಕಳಿಸುತ್ತಾರಂತೆ. ನಮ್ಮ ಬ್ಯಾಗ್ ಹೊತ್ತುಕೊಂಡು ಓಡಿದವಳ ಕೆಲಸಕ್ಕೆ ಕಲ್ಲು ಹಾಕಿ, ಆಮೇಲೆ ‘ತಪ್ಪಾಯ್ತು’ ಎಂದರೆ ಯಾರಿಗೆ ಬೇಕು?

ಮಾರ್ಚ್ 15, ಶನಿವಾರ

ಹೇಳಿದೆ. ಒಂಬತ್ತೂಕಾಲಿಗೆ, ಮೈದಾನದ ಹೊರಗೆ, ಇವಳು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾಗ. ರೂಮಿನಿಂದ ಹೊರಡುವಾಗ ನಾಲ್ಕು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: ‘ಕೆರೆದದ್ದು ಅವರಲ್ಲ. ನಾನು.’

‘ಏನು ನೀವು?’

‘ಪಾಲಿಶ್. ಉಪ್ಪುಕಾಗದ. ಒಂಬತ್ತು ಗ್ರಾಂ. ಅವತ್ತಿನ ತೂಕ ಬರೆದಿಟ್ಟಿದ್ದೀನಿ.’

ಇವಳು ಪಟ್ಟಿ ಸುತ್ತುವುದನ್ನು ನಿಲ್ಲಿಸಿದಳು. ಮೊದಲು ನಕ್ಕವಳು ನಾದಿನಿ. ಗೋಡೆ ಹಿಡಿದುಕೊಂಡು ನಕ್ಕಳು. ‘ಅಯ್ಯೋ ಭಾವ! ಊರವರ ತೂಕ ಎಲ್ಲ ಹಿಡಿದವರು ನೀವು...’

ಇವಳು ನಗಲಿಲ್ಲ. ‘ಕಂಪ್ಲೇಂಟ್ ಎಲ್ಲಿ?’

‘ಬರೆದೇ ಇಲ್ಲ. “ಮಾನ್ಯರೇ” ಅಂತ ಬರೆದು ಬಿಟ್ಟೆ.’

‘ನಿನ್ನೆ ಯಾಕೆ ಹೇಳ್ಲಿಲ್ಲ?’

‘ಹೆದರಿಕೆ ಆಯ್ತು’ ಅಂದೆ. ಇದನ್ನು ಇವಳಿಗೆ ಯಾವತ್ತಾದರೂ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ.

ಇವಳು ನನ್ನನ್ನು ನೋಡಿದಳು, ಮಣಿಕಟ್ಟು ನೋಡಿಕೊಂಡಳು, ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿದಳು. ‘ಆಮೇಲೆ ನೋಡ್ಕೋತೀನಿ ನಿಮ್ಮನ್ನ’ ಎಂದು ಸ್ಪರ್ಧಿಗಳ ಕೋಣೆಗೆ ಹೊರಟುಹೋದಳು.

ಗ್ಯಾಲರಿಯಲ್ಲಿ ಮೂರನೇ ಸಾಲು. ಹನ್ನೊಂದು ಜನ ಸ್ಪರ್ಧಿಗಳು. ಇವಳು ಗುಂಡುಗಳ ಸಾಲಿನಲ್ಲಿ ಒಂದೊಂದನ್ನೇ ಎತ್ತಿ ಇಳಿಸಿ, ಕೊನೆಗೆ ಯಾರದೋ ಕಬ್ಬಿಣದ ಗುಂಡು ಆರಿಸಿಕೊಂಡಳು. ಕಿತ್ತಳೆ ಬಣ್ಣ ಅರ್ಧ ಹೋಗಿ, ಮೈಯೆಲ್ಲ ತುಕ್ಕು. ಅದನ್ನು ನೋಡಿ ನನ್ನ ಕೈ ಕಡಿಯಿತು, ಆದರೆ ಸುಮ್ಮನೆ ಕೂತೆ.

ಮೊದಲ ಎಸೆತ 9.31. ಎರಡನೆಯದಕ್ಕೆ ಕಾಲು ವೃತ್ತದ ಮುಂದಿನ ಮರದ ಪಟ್ಟಿಯ ಮೇಲೆ ಬಿತ್ತು, ಕೆಂಪು ಬಾವುಟ, ಎಸೆತ ಲೆಕ್ಕಕ್ಕಿಲ್ಲ. ಮೂರನೆಯದು 9.62. ಮುಂದಿನ ಸುತ್ತಿಗೆ ಹೋಗುವ ಎಂಟು ಜನರಲ್ಲಿ ಉಳಿದುಕೊಂಡಳು, ಇನ್ನು ಮೂರು ಎಸೆತ. ನಾಲ್ಕನೆಯದು 9.79. ನಾದಿನಿ ನನ್ನ ತೋಳು ಹಿಂಡಿ ಹಿಂಡಿ ನೀಲಿ ಮಾಡಿದ್ದಾಳೆ. ಐದನೆಯದಕ್ಕೆ ಮತ್ತೆ ಕೆಂಪು ಬಾವುಟ. ಇವಳು ಭುಜ ಹಿಡಿದುಕೊಂಡು ಸ್ವಲ್ಪ ಹೊತ್ತು ಬಗ್ಗಿ ನಿಂತಳು. ಸಾಕು, ಬಾ ಎಂದು ಕೂಗಬೇಕೆನಿಸಿತು. ಕೂಗಿದ್ದರೆ ಜನ್ಮದಲ್ಲಿ ನನ್ನನ್ನು ಕ್ಷಮಿಸುತ್ತಿರಲಿಲ್ಲ.

ಆರನೆಯದು, ಕೊನೆಯದು. ವೃತ್ತದೊಳಗೆ ಹೋಗುವ ಮುಂಚೆ ಇವಳು ಗ್ಯಾಲರಿಯತ್ತ ತಿರುಗಿದಳು. ನನ್ನನ್ನು ಹುಡುಕಿದಳು. ಬೆರಳು ಮಾಡಿ ತೋರಿಸಿ, ಕೈಯಲ್ಲಿದ್ದ ತುಕ್ಕು ಗುಂಡನ್ನು ಇನ್ನೊಂದು ಅಂಗೈಯಿಂದ ಪರಪರ ಉಜ್ಜುವ ಹಾಗೆ ಮಾಡಿ ತೋರಿಸಿದಳು. ನಮ್ಮ ಸಾಲಿನವರೆಲ್ಲ ನನ್ನತ್ತ ತಿರುಗಿ ನಕ್ಕರು. ಇವಳೂ ನಕ್ಕಳು. ಆ ನಗುವನ್ನು ಪೂರ್ತಿ ಮುಗಿಸದೆ ಹಾಗೇ ಕುತ್ತಿಗೆಗೆ ಗುಂಡು ಒತ್ತಿಕೊಂಡು ಬೆನ್ನು ತಿರುಗಿಸಿದಳು.

ಹಿಂದಕ್ಕೆ ಒಂದು ಜಾರುಹೆಜ್ಜೆ. ಸೊಂಟ ಮೊದಲು ತಿರುಗಿತು, ಆಮೇಲೆ ಭುಜ, ಎಲ್ಲಕ್ಕಿಂತ ಕೊನೆಗೆ ಕೈ. ಬಾಯಿಂದ ಒಂದು ಕೂಗು ಬಂತು. ಮನೆಯಲ್ಲಿ ಇಷ್ಟು ವರ್ಷದಲ್ಲಿ ನಾನು ಕೇಳದ ದನಿ. ಗುಂಡು ಹೋದ ಮೇಲೂ ಇವಳು ಮುಂದೆ ಬೀಳದ ಹಾಗೆ ಒಂಟಿಕಾಲಲ್ಲಿ ಕುಂಟುತ್ತಾ, ಎರಡೂ ತೋಳು ಅಗಲಿಸಿ, ಬಾಯಿ ತೆರೆದುಕೊಂಡೇ ಇದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಲಾಂಡ್ರಿಯಲ್ಲಿ ಕೆಲಸ ಮಾಡುವಾಗ ಹೀಗೇ ಇರುತ್ತಿದ್ದಳೇನೋ. ನಾನು ಒಂದು ದಿನವೂ ಅಲ್ಲಿಗೆ ಹೋಗಿ ನೋಡಿರಲಿಲ್ಲ. ನಿಂತಳು. ಪಟ್ಟಿ ತುಳಿಯದೆ ವೃತ್ತದ ಹಿಂಬದಿಯಿಂದ ಹೊರಗೆ ಬಂದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಬೋರ್ಡಿನತ್ತ ನೋಡುತ್ತಿದ್ದಳು. ಆಮೇಲೆ ಇವಳ ಮುಖ ಬದಲಾಯಿತು. ಅದನ್ನು ನೋಡಿಯೇ ನನಗೆ ಗೊತ್ತಾಯಿತು.

10.03.

ನಾಲ್ಕನೆಯ ಸ್ಥಾನ. ಪದಕವಿಲ್ಲ. ಇವಳು ಅದರ ಬಗ್ಗೆ ಕೇಳಲೇ ಇಲ್ಲ. ಕೆಳಗೆ ಬಂದ ಕೂಡಲೇ, ‘ನೋಡ್ಕೋತೀನಿ ಅಂದಿದ್ದೆ ಅಲ್ವಾ’ ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಇನ್ನೂ ನೋಯುತ್ತಿದೆ. ಒಳ್ಳೆಯ ನೋವು.

ಬಸ್ಸಿನಲ್ಲಿ ರೂಮಿಗೆ ಬರುವಾಗ ಇವಳು ಕಿಟಕಿಗೆ ಒರಗಿ ನಿದ್ದೆ ಹೋದಳು. ನಾದಿನಿ ಹಿಂದಿನ ಸೀಟಿನಿಂದ ಬಗ್ಗಿ, ಅಕ್ಕನಿಗೆ ಎಚ್ಚರವಾಗದ ಹಾಗೆ ಪಿಸುಗುಟ್ಟಿದಳು: ‘ಭಾವ, ಮೂರೇ ಸೆಂಟಿಮೀಟರು. ಆ ಟೇಪು ಹಿಡಿದವರು ಸರಿಯಾಗಿ ಎಳೆದು ಹಿಡಿದಿದ್ರಾ? ಸಡಿಲ ಗಿಡಿಲ ಇರ್ಲಿಲ್ಲ ತಾನೆ? ನಿಮ್ಮ ಕಣ್ಣಿಗೆ ತಪ್ಪಲ್ಲ, ಅದಕ್ಕೇ ಕೇಳಿದೆ.’

ಉತ್ತರ ಹೇಳಲು ಬಾಯಿ ತೆರೆದೆ. ನೆನಪು ಮಾಡಿಕೊಂಡೆ. ಟೇಪು ಹಿಡಿದಿದ್ದು ಗಂಡಸೋ ಹೆಂಗಸೋ? ಸ್ಟೀಲಿನದೋ ಬಟ್ಟೆಯದೋ? ಸೊನ್ನೆಯ ತುದಿ ಗುಂಡು ಬಿದ್ದ ಕಡೆ ಇತ್ತೋ ವೃತ್ತದ ಕಡೆ ಇತ್ತೋ? ನನಗೆ ಒಂದೂ ಗೊತ್ತಿರಲಿಲ್ಲ. ಗುಂಡು ಎಲ್ಲಿ ಬಿತ್ತು ಎನ್ನುವುದನ್ನೂ ನಾನು ನೋಡಿರಲಿಲ್ಲ.

‘ನೆಟ್ಟಗಿತ್ತು’ ಎಂದೆ.

ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ನೋಡದೆ ಯಾವ ತಕ್ಕಡಿಗೂ ಮುದ್ರೆ ಒತ್ತಿದವನಲ್ಲ ನಾನು. ಇವತ್ತು ಒತ್ತಿದೆ.